ಹಳೆ ಅಂಬಾಸಿಡರಿಗೆ ಗಟ್ಟಿ ಬಳೆ

ಬೀಜಾಡಿಯ ಯಾವುದೋ ಮನೆಯ ಶೆಡ್ಡಿನಲ್ಲಿ 1960ರ ದಶಕದ ಪೆಟ್ರೋಲ್ ಅಂಬಾಸಿಡರ್ ನಿಂತಿದೆ ಎನ್ನೋಣ. ಅದನ್ನು ಮತ್ತೆ ಓಡಿಸಲು ಮೆಕ್ಯಾನಿಕ್ ಒಬ್ಬನೇ ಸಾಲದು, ಒಳ್ಳೆಯ ರೀಬೋರಿಂಗ್ ವರ್ಕ್‌ಶಾಪೂ ಬೇಕು. ಏಕೆ?

ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ವಿಷವೇನೋ ಹೌದು. ಆದರೆ ಸಿಲಿಂಡರ್ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವು ಬಂದು ಕೂರುವ ಎರಕದ ಕಬ್ಬಿಣದ ಅಂಚನ್ನು ಅದರ ತೆಳು ಲೇಪವೇ ಕಾಯುತ್ತಿತ್ತು. 2000ದಲ್ಲಿ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲು ಬಂತು. ಈಗ ಕಾರನ್ನು ವೇಗವಾಗಿ ಬಹುದೂರ ಓಡಿಸಿದರೆ ಆ ಅಂಚು ಸವೆಯುತ್ತದೆ.

ಅಂಚನ್ನು ಕೊರೆದು ಗಟ್ಟಿ ಮಿಶ್ರಲೋಹದ ಬಳೆ ಕೂರಿಸುವುದೇ ಪರಿಹಾರ. ಬಳೆ ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. 40 ಮಿ.ಮೀ. ವ್ಯಾಸದ ಉಕ್ಕಿನ ಬಳೆಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಿದರೆ ಸುಮಾರು 0.05 ಮಿ.ಮೀ. ಕುಗ್ಗುತ್ತದೆ, ಜೊತೆಗೆ ಹೆಡ್ಡನ್ನೂ ಕಾಯಿಸುತ್ತಾರೆ. ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದ ಕಮ್ಮಾರನ ಉಪಾಯವೂ ಇದೇ.

ಗಂಗೊಳ್ಳಿ ಬಂದರಿನ ದೋಣಿಗಳಿಂದಾಗಿ ಕುಂದಾಪುರದ ಕಡೆ ಎಂಜಿನ್ ಕೆಲಸ ಹೊಸತಲ್ಲ. ಆದರೂ ಮೈಕ್ರೋಮೀಟರಿನಲ್ಲಿ ಅಳೆದು, ಅಳತೆ ಬರೆದು ತೋರಿಸುವವರಿಗೇ ಹೆಡ್ಡು ಒಪ್ಪಿಸಬೇಕು. ಹೆಚ್ಚು ಆಳ ಕೊರೆದರೆ ಒಳಗಿನ ನೀರಿನ ದಾರಿಗೆ ತೂತು ಬೀಳುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಬೇರೆ ಹೆಡ್ಡಿಗೆ ಗುಜರಿಯೇ ಗತಿ.