ತಗಚೆಯ ಎಲೆಯೂ ಅದರ ಒಕ್ಕಲುಗಳೂ

ಮಳೆಗಾಲ ಬಂದಿತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಬೂಷ್ಟು ಹತ್ತದ ವಸ್ತುವಿಲ್ಲ. ಚಪ್ಪಲಿಗೆ ಬೂಷ್ಟು, ಉಪ್ಪಿನಕಾಯಿ ಭರಣಿಗೆ ಬೂಷ್ಟು, ಕಡೆಗೆ ಮೈಗೂ ಬೂಷ್ಟು. ಕಳೆದ ಆಷಾಢದಲ್ಲಿ ಕೆಳಮನೆಯ ಅಜ್ಜಿಯವರು ಮೊಮ್ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ನನ್ನನ್ನು ಕೇಳಿದರು: "ತಮ್ಮಾ, ಹುಡುಗನ ಸೊಂಟಕ್ಕ ಗಜಕರ್ಣ ಆಗೇದ. ಊರಾಗಿದ್ರ ತಗಚಿ ಸೊಪ್ಪು ಜಜ್ಜಿ ಹಚ್ಚತಿದ್ವಿ. ಇಲ್ಲಿ ಎಲ್ಲಿಂದ ತರೂದು?"

ಹುಳುಕಡ್ಡಿ ಎಂದು ಹೆಸರಿದ್ದರೂ ಈ ರೋಗದಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಚರ್ಮದ ಮೇಲೆ ಬೆಳೆಯುವ ಬೂಷ್ಟು. ತಗಚೆಗೆ ಸಂಸ್ಕೃತದಲ್ಲಿ 'ದದ್ರುಘ್ನ', ಅಂದರೆ ಗಜಕರ್ಣವನ್ನು ಕೊಲ್ಲುವುದು, ಎಂದೇ ಹೆಸರುಂಟು. ಅದರ ಬೀಜದಲ್ಲಿ ಕ್ರೈಸೊಫ್ಯಾನಿಕ್ ಆಮ್ಲದ ವರ್ಗಕ್ಕೆ ಸೇರಿದ, ಬೂಷ್ಟನ್ನು ತಡೆಯುವ ಪದಾರ್ಥವಿರುವುದೂ ನಿಜ. ಅಜ್ಜಿಯ ಮಾತು ಬರಿಯ ನಂಬಿಕೆಯಲ್ಲ.

ಆದರೆ ಗಿಡಮೂಲಿಕೆಯ ಗುಣವೆಲ್ಲ ಗಿಡದ್ದೇ ಎನ್ನುವಂತಿಲ್ಲವೆಂಬುದು ಈಚಿನ ವಿಜ್ಞಾನಿಗಳ ಮಾತು. ಯಾವ ಎಲೆಯೂ ಒಂಟಿಯಾಗಿ ಬಾಳುವುದಿಲ್ಲ. ಒಂದು ಚದರ ಸೆಂಟಿಮೀಟರಿನಷ್ಟು ಎಲೆಯ ಮೇಲೆ ಹತ್ತು ಲಕ್ಷದಿಂದ ಒಂದು ಕೋಟಿಯವರೆಗೂ ಬ್ಯಾಕ್ಟೀರಿಯಾ ಇರಬಹುದು. ನಮ್ಮ ಚಾಳುಗಳೇ ವಾಸಿ! ಅಲ್ಲಿ ಸಿಗುವ ಅನ್ನವೋ, ಎಲೆಯಿಂದ ಒಸರುವ ಅಷ್ಟಿಷ್ಟು ಸಕ್ಕರೆ. ಅದಕ್ಕೇ ಬೂಷ್ಟಿನ ಬೀಜಾಣುಗಳೂ ಕಾದಿರುತ್ತವೆ. ಆದುದರಿಂದ ಈ ಒಕ್ಕಲುಗಳಲ್ಲಿ ಕೆಲವು ಬೂಷ್ಟನ್ನು ದೂರವಿಡಲು ತಾವೇ ವಿಷ ತಯಾರಿಸುತ್ತವೆ. ಬ್ಯಾಸಿಲಸ್ ಜಾತಿಯವು ತಯಾರಿಸುವ ಇಟುರಿನ್ ಎಂಬುದು ಬೂಷ್ಟಿನ ಜೀವಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ಒಳಗಿನ ಸಾರ ಸೋರಿ ಬೂಷ್ಟು ಸಾಯುತ್ತದೆ.

ಇದನ್ನು ಪತ್ತೆ ಹಚ್ಚುವ ಕ್ರಮ ಸರಳ. ಎಲೆಯನ್ನು ತೊಳೆದ ನೀರನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಹರಡಿ, ಬೆಳೆದ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಮಾಡುತ್ತಾರೆ. ಬಳಿಕ ಇನ್ನೊಂದು ತಟ್ಟೆಯ ನಡುವೆ ಬೂಷ್ಟು, ಅಂಚಿನಲ್ಲಿ ಒಂದೊಂದು ಬ್ಯಾಕ್ಟೀರಿಯಾ ಇಟ್ಟು ಕೆಲವು ದಿನ ಕಾಯುತ್ತಾರೆ. ಬೂಷ್ಟು ಹಬ್ಬುತ್ತ ಹಬ್ಬುತ್ತ ಬಂದು ಒಂದು ಕಡೆ ಗೆರೆ ಎಳೆದಂತೆ ನಿಂತುಬಿಟ್ಟರೆ ಅಲ್ಲೇನೋ ಇದೆಯೆಂದು ಅರ್ಥ. ಉಳಿದ ವರ್ಷಗಳೆಲ್ಲ ಆ 'ಏನೋ' ಯಾವುದೆಂದು ತಿಳಿಯುವುದಕ್ಕೆ.

ಆಸ್ಟ್ರೇಲಿಯದ ಉತ್ತರ ಭಾಗದ ಮೂಲನಿವಾಸಿಗಳು ಗಾಯಕ್ಕೆ ಹಚ್ಚುತ್ತಿದ್ದ ಒಂದು ಬಳ್ಳಿಯುಂಟು. ಅದರ ಕಾಂಡದೊಳಗೇ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾ ಬಿಡಾರ ಹೂಡಿತ್ತು. ಅದರಿಂದ ಬೂಷ್ಟನ್ನೂ ಇತರ ರೋಗಾಣುಗಳನ್ನೂ ತಡೆಯುವ ಮುನುಂಬಿಸಿನ್ ಎಂಬ ಪದಾರ್ಥಗಳು ದೊರೆತವೆಂದು 2002ರಲ್ಲಿ ಅಮೆರಿಕದ ಗ್ಯಾರಿ ಸ್ಟ್ರೋಬೆಲ್ ಮತ್ತು ಸಂಗಡಿಗರು ಪ್ರಕಟಿಸಿದರು.

ಇದೇ ಸ್ಟ್ರೆಪ್ಟೊಮೈಸಿಸ್ ಕುಲದ ಇನ್ನೊಂದು ಸದಸ್ಯ ನಮ್ಮ ಪುಣೆಯ ಬಳಿಯ ಪಿಂಪ್ರಿಯ ಮಣ್ಣಿನಲ್ಲಿ ಸಿಕ್ಕಿತ್ತು. 1954ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ಅದರಿಂದ ಹಮೈಸಿನ್ ಎಂಬ ಬೂಷ್ಟುನಾಶಕ ಔಷಧವನ್ನು ಕಂಡುಹಿಡಿದವರಲ್ಲಿ ಪ್ರಮುಖರು ಎಂ. ಜೆ. ತಿರುಮಲಾಚಾರ್. ಅದಕ್ಕೆ ಮುಂಚೆ ಮೈಸೂರು ಸೀಮೆಯ ಗಿಡಗಳ ತುಕ್ಕುರೋಗವನ್ನು ಅಧ್ಯಯನ ಮಾಡಿದವರು. ಪಿಂಪ್ರಿಯಲ್ಲಿ ದುಡಿದ ನಮ್ಮ ಕನ್ನಡಿಗರ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕಾದದ್ದು.

ಇಷ್ಟೆಲ್ಲ ಇದ್ದಮೇಲೆ ಎಲೆಯನ್ನೇ ಜಜ್ಜಿ ಹಚ್ಚಿದರಾಗದೇ? ಆಗದು. ಎಲೆಯ ಮೇಲಿನ ಒಕ್ಕಲು ತಯಾರಿಸುವುದು ಕಣ್ಣಿಗೆ ಕಾಣದಷ್ಟು. ಮತ್ತು ಅದೇ ಎಲೆಯ ಮೇಲೆ ಕೆರೆದ ಚರ್ಮಕ್ಕೆ ಕೇಡು ಮಾಡುವ ಪುಂಡರೂ ಇರುತ್ತಾರೆ. ಮೇಲಾಗಿ, ಬೂಷ್ಟು ಜೀವರಚನೆಯಲ್ಲಿ ಬ್ಯಾಕ್ಟೀರಿಯಾಗಿಂತ ನಮಗೇ ಹತ್ತಿರದ ನಂಟ. ಅದನ್ನು ಕೊಲ್ಲುವ ವಿಷ ಎಷ್ಟೋ ಸಲ ನಮ್ಮನ್ನೂ ಮುಟ್ಟುತ್ತದೆ. ಪ್ರಯೋಗಶಾಲೆಯಲ್ಲಿ ಗೆದ್ದ ಪದಾರ್ಥಗಳಲ್ಲಿ ಔಷಧದಂಗಡಿಯನ್ನು ತಲುಪುವವು ತೀರ ಕಡಿಮೆ.

ಅಜ್ಜಿಯ ಮಗ ಅಷ್ಟರೊಳಗೆ ಅಂಗಡಿಯವನು ಕೊಟ್ಟ ಒಂದು ಟ್ಯೂಬನ್ನು ಹುಡುಗನಿಗೆ ಹಚ್ಚಿಯೇ ಬಿಟ್ಟಿದ್ದರು. ಎಂಟು ದಿನ ಕೆರೆತ ನಿಂತಿತು. ಆಮೇಲೆ ಒಂದು ಉಂಗುರವಿದ್ದದ್ದು ನಾಲ್ಕಾಯಿತು. ಆ ಮುಲಾಮಿನಲ್ಲಿ ಸ್ಟೆರಾಯ್ಡ್ ಇತ್ತು. ಅದು ಕೆಂಪನ್ನೂ ಕೆರೆತವನ್ನೂ ಅಡಗಿಸುತ್ತದೆ, ಜೊತೆಗೆ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಕೊಳ್ಳುವವರಿಗೆ ಅದು ತಿಳಿದಿಲ್ಲ, ಮಾರುವವರಿಗೆ ತಿಳಿದೂ ನೆನಪಿಲ್ಲ. ಅತ್ತ ಸಾಮಾನ್ಯ ಮಾತ್ರೆಗೆ ಜಗ್ಗದ ಹೊಸ ಗಜಕರ್ಣವೂ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರಿನಲ್ಲೇ 'ಇಂಡೊ' ಸೇರಿಕೊಂಡಿದೆ, ಟ್ರೈಕೊಫೈಟನ್ ಇಂಡೊಟಿನಿಯೆ ಎಂದು.

ಹುಡುಗನನ್ನು ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಮೊದಲು ಆ ಟ್ಯೂಬನ್ನು ನಿಲ್ಲಿಸಿದರು. ಕಲೆ ಮಾಸಿದರೂ ಹೇಳಿದಷ್ಟು ವಾರ ಔಷಧ ಬಿಡಕೂಡದು, ಟವೆಲು ಬೇರೆಯಿರಲಿ, ಬಟ್ಟೆ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ, ಮನೆಯಲ್ಲಿ ಇನ್ನಾರಿಗಾದರೂ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆಯಾಗಲಿ ಎಂದರು. ಅಜ್ಜಿಯ ಮಗ ಆಗ ಮೆಲ್ಲಗೆ ತಮ್ಮ ತೋಳು ಮಡಿಸಿದರು!

ತಗಚೆಯೂ ಸಿಕ್ಕಿತು. ಇಲ್ಲಿಯ ಪೇಟೆಯಲ್ಲಿ ಮಳೆಗಾಲಕ್ಕೆ ಟಾಕಳಾ ಎಂದು ಮರಾಠಿ ಹೆಂಗಸರು ಮಾರುವ ಸೊಪ್ಪು ಅದೇ. ಅಜ್ಜಿ ಎರಡು ಕಟ್ಟು ಕೊಂಡು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿ ನಮಗೂ ಒಂದು ಬಟ್ಟಲು ಕಳಿಸಿದ್ದರು.