ಪಾದದ ಹುಣ್ಣೂ ರಕ್ತದ ಕೊಬ್ಬೂ

ಮಧುಮೇಹವೆಂದೊಡನೆ ನಮ್ಮ ಜನರ ಗಮನವೆಲ್ಲ ಸಕ್ಕರೆಯ ಕಡೆಗೇ ಹರಿಯುತ್ತದೆ. ಕಾಫಿಗೆ ಸಕ್ಕರೆ ಬೆರೆಸದಿದ್ದರೆ, ಹಬ್ಬದ ಹೋಳಿಗೆಯನ್ನು ತ್ಯಜಿಸಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಬಹುಮಂದಿ. ಆದರೆ ಈ ರೋಗದಲ್ಲಿ ಕಾಲನ್ನು ಕಳೆದುಕೊಳ್ಳುವುದಕ್ಕೆ ಸಕ್ಕರೆಯೊಂದೇ ಕಾರಣವಲ್ಲ; ರಕ್ತದಲ್ಲಿರುವ ಕೊಬ್ಬಿಗೂ ಅದರಲ್ಲಿ ಪಾಲುಂಟು. ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಆದುದರಿಂದ ಇದು ವೈದ್ಯರು ಮಾತ್ರ ತಿಳಿದಿರಬೇಕಾದ ವಿಷಯವಲ್ಲ.

ಪಾದಕ್ಕೆ ಅಪಾಯವು ಎರಡು ದಾರಿಗಳಿಂದ ಬರುತ್ತದೆ. ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ನರಗಳು ಕೆಟ್ಟು ಪಾದವು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತದೆ. ಮುಳ್ಳು ನೆಟ್ಟರೂ ಚಪ್ಪಲಿ ಕಚ್ಚಿದರೂ ತಿಳಿಯದು. ಇನ್ನೊಂದು ಕಡೆ, ಎಲ್.ಡಿ.ಎಲ್. ಎಂಬ ಕಣಗಳು ಹೊತ್ತು ತರುವ ಕೊಲೆಸ್ಟೆರಾಲು ಧಮನಿಗಳ ಗೋಡೆಯಲ್ಲಿ ಸೇರಿ ಅವುಗಳನ್ನು ಇಕ್ಕಟ್ಟಾಗಿಸುತ್ತದೆ. ರಕ್ತವು ಸಾಕಷ್ಟು ತಲುಪದ ಪಾದದಲ್ಲಿ ಗಾಯ ಮಾಯುವುದಿಲ್ಲ, ರೋಗಾಣುಗಳು ನೆಲೆಯೂರುತ್ತವೆ, ಕೊನೆಗೆ ಮಾಂಸ ಕೊಳೆಯುತ್ತದೆ. ಈ ವಿಕಾರದ ತೀವ್ರತೆಯನ್ನು ಅಳೆಯಲು ವೈದ್ಯರು ವ್ಯಾಗ್ನರ್ ಕ್ರಮವೆಂಬ ಶ್ರೇಣಿಯನ್ನು ಬಳಸುವುದುಂಟು. ಅದರಲ್ಲಿ ೦ ಎಂದರೆ ಚರ್ಮ ಒಡೆಯದ ಪಾದ; ೫ ಎಂದರೆ ಇಡೀ ಪಾದವೇ ಕೊಳೆತ ಸ್ಥಿತಿ.

ಹಾಗಾದರೆ ಕೊಬ್ಬು ಕೆಟ್ಟಷ್ಟೂ ಹುಣ್ಣು ಕೆಡುತ್ತದೆಂದು ಹೇಳಬಹುದೇ? ಇಲ್ಲಿ ಎಚ್ಚರ ಅವಶ್ಯಕ. ತೀವ್ರವಾದ ಹುಣ್ಣುಳ್ಳವರಲ್ಲಿ ಹಿತಕರವೆನಿಸಿದ ಎಚ್.ಡಿ.ಎಲ್. ಕಡಿಮೆಯಿರುವುದು ಅನೇಕ ಕಡೆ ಕಂಡುಬಂದಿದೆ. ಆದರೆ ಪ್ರಬಲವಾದ ಸೋಂಕು ತಾನೇ ಎಚ್.ಡಿ.ಎಲ್. ಮತ್ತು ಎಲ್.ಡಿ.ಎಲ್. ಎರಡನ್ನೂ ಇಳಿಸಿ, ಟ್ರೈಗ್ಲಿಸರೈಡನ್ನು ಏರಿಸಬಲ್ಲದು. ಹುಣ್ಣು ಬಲಿತ ಮೇಲೆ ಮಾಡಿದ ಒಂದೇ ಪರೀಕ್ಷೆಯಿಂದ ಯಾವುದು ಕಾರಣ, ಯಾವುದು ಕಾರ್ಯ ಎಂದು ನಿರ್ಣಯಿಸಲಾಗದು. ಆ ಸಮಯದಲ್ಲಿ ಎಲ್.ಡಿ.ಎಲ್. ತಗ್ಗಿದೆಯೆಂದು ಹರ್ಷಿಸುವುದು ಆತ್ಮವಂಚನೆಯೇ ಆದೀತು.

ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಫಿನ್ಲೆಂಡ್ ದೇಶಗಳ ೯,೭೯೫ ಮಧುಮೇಹಿಗಳ ಮೇಲೆ ಸುಮಾರು ಐದು ವರ್ಷ ನಡೆದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಹೃದ್ರೋಗವನ್ನು ತಡೆಯುವುದೇ ಅದರ ಮುಖ್ಯೋದ್ದೇಶವಾಗಿದ್ದಿತು. ಫೆನೋಫೈಬ್ರೇಟ್ ಎಂಬ, ಕೊಬ್ಬನ್ನು ತಗ್ಗಿಸುವ ಔಷಧವನ್ನು ಪಡೆದವರಲ್ಲಿ ಕಾಲಿನ ಅಂಗಚ್ಛೇದನದ ಸಂಭವ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿತ್ತೆಂದು ೨೦೦೯ರಲ್ಲಿ ವರದಿಯಾಯಿತು. ಆದರೆ ಈ ಲಾಭವು ಬಹುಶಃ ಕೊಬ್ಬು ಇಳಿದುದರಿಂದಲ್ಲ, ಬೇರೊಂದು ಮಾರ್ಗದಿಂದ ಬಂದಿರಬೇಕೆಂದು ಸಂಶೋಧಕರೇ ಅಭಿಪ್ರಾಯಪಟ್ಟರು. ತಮ್ಮ ಔಷಧ ಗೆದ್ದಾಗಲೂ ಕಾರಣವನ್ನು ಪ್ರಶ್ನಿಸಿದ ಈ ಪ್ರಾಮಾಣಿಕತೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಮೇಲ್ಪಂಕ್ತಿಯಾಗಿದೆ.

ಇದರಿಂದ ನಾವು ಕಲಿಯಬೇಕಾದುದೇನು? ಕೊಬ್ಬಿನ ಪರೀಕ್ಷೆ ಹುಣ್ಣಾದ ಮೇಲೆ ಭವಿಷ್ಯ ಹೇಳುವ ಜಾತಕವಲ್ಲ; ಹುಣ್ಣಾಗುವ ಮೊದಲೇ ಮಾಡಿಸಬೇಕಾದ ಕಾರ್ಯ. ಮಧುಮೇಹಿಗಳು ಸಕ್ಕರೆಯೊಡನೆ ಕೊಬ್ಬನ್ನೂ ರಕ್ತದ ಒತ್ತಡವನ್ನೂ ಹತೋಟಿಯಲ್ಲಿಡಬೇಕು, ಹೊಗೆಸೊಪ್ಪನ್ನು ಬಿಡಬೇಕು, ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ಪಾದವನ್ನು ತೋರಿಸಬೇಕು. ನೈಲಾನಿನ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶವನ್ನು ಪರೀಕ್ಷಿಸಲು ಕೆಲವೇ ನಿಮಿಷ ಸಾಕು. ಆದರೂ ಎಷ್ಟೋ ಕಡೆ ರಕ್ತದ ಚೀಟಿಯನ್ನು ಓದಿದವರು ಪಾದವನ್ನು ನೋಡುವುದಿಲ್ಲ. ಇದು ಸರಿಯಲ್ಲವೆಂಬುದೇ ನಮ್ಮ ಖಚಿತವಾದ ಅಭಿಪ್ರಾಯ.

ತರುಣ ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಮಧುಮೇಹದಿಂದ ನರಳುತ್ತಿದ್ದರೆ, ಇಂದು ಸಂಜೆ ದೀಪದ ಬೆಳಕಿನಲ್ಲಿ ಅವರ ಅಂಗಾಲನ್ನೂ ಬೆರಳುಗಳ ಸಂದಿಯನ್ನೂ ನೋಡಿರಿ. ಬಗ್ಗಿ ನೋಡಲು ಅವರಿಗೆ ಆಗದಿರಬಹುದು. ನೋವು ಅವರಿಗೆ ತಿಳಿಯದಿರಬಹುದು. ಸಣ್ಣ ಬಿರುಕನ್ನು ನೀವು ಮೊದಲೇ ಕಂಡರೆ ಒಂದು ಕಾಲು ಉಳಿದೀತು.