ಗುರುವಾರದ ಜಪಸರ

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವಯೋವೃದ್ಧರ ವಿಶ್ವದಿನವನ್ನಾಗಿ ಆಚರಿಸಬೇಕೆಂದು ಪೋಪ್ ಫ್ರಾನ್ಸಿಸರು 2021ರಲ್ಲಿ ಗೊತ್ತುಪಡಿಸಿದರು. ಯೇಸುಸ್ವಾಮಿಯ ಅಜ್ಜ-ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಸ್ಮರಣೆಯ ದಿನವಾದ ಜುಲೈ 26ರ ಆಸುಪಾಸಿನಲ್ಲಿಯೇ ಈ ಭಾನುವಾರ ಬರುತ್ತದೆ. ಅಂದು ಹಿರಿಯರನ್ನು ದೇವಾಲಯದ ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಹೂವಿತ್ತು ಗೌರವಿಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಿರಿಯರ ಬದುಕು ಸಾಗುವುದು ಉಳಿದ 364 ದಿನಗಳಲ್ಲಿ. ಮನೆಯ ಜಗಲಿಯಲ್ಲಿ, ಊಟದ ಮೇಜಿನ ಬಳಿ, ಸಂಜೆ ಉರಿಯುವ ಮೇಣದ ಬತ್ತಿಯ ಮುಂದೆ. ಆ ದಿನಗಳ ಕುರಿತು ಎರಡು ಮಾತು ಬರೆಯಬೇಕೆನಿಸಿದೆ.

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರವೆಂದರೆ ಕೇವಲ ಪ್ರಾರ್ಥನೆಯಲ್ಲ, ಅದು ಮನೆಯ ದಿನಚರಿಯ ಅಚ್ಚು. ಹಿರಿಯರು ಹೇಳಬೇಕು, ಕಿರಿಯರು ಉತ್ತರಿಸಬೇಕು. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈಜೋಡಿಸಿ 'ಬೆಸಾಂವ್' ಬೇಡಬೇಕು, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಅಕ್ಷರ ಬಾರದ ನಮ್ಮ ಅಜ್ಜಿಯವರು ದೇವಮಾತೆಯ ಲಿತಾನಿಯನ್ನು ಲತೀನ್ ಭಾಷೆಯಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಶಾಸನವನ್ನು ಅಂಗೀಕರಿಸಿದ ಬಳಿಕ ಬಲಿಪೂಜೆಯು ಜನರ ಭಾಷೆಗೆ ಇಳಿದು ಬಂದಾಗ ಅವರಿಗೆ ಅದು ಹಿಡಿಸಲಿಲ್ಲ. ದೇವರಿಗೆ ಅರ್ಥವಾಗುತ್ತಿದ್ದ ಭಾಷೆಯನ್ನೇಕೆ ಬಿಟ್ಟರೆಂದು ಗೊಣಗಿದರು. ನಾವು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಇಂದು ದೇವಾಲಯದಲ್ಲಿ ಕೀಬೋರ್ಡಿನ ಅಬ್ಬರ ಹೆಚ್ಚಾಯಿತೆಂದು ಗೊಣಗುವ ಸರದಿ ನಮ್ಮದು. ಬಾಯಿಗೆ ಕೈ ಅಡ್ಡ ಹಿಡಿಯುವವರು ಈಗ ಬೇರೆಯವರು.

ಇದನ್ನು ನಗುತ್ತಲೇ ನೆನೆಯಬಹುದು. ನಗಲಾಗದ ಇನ್ನೊಂದು ನೆನಪಿದೆ.

2002ರ ಅಕ್ಟೋಬರಿನಲ್ಲಿ ಪೋಪ್ ದ್ವಿತೀಯ ಜಾನ್ ಪಾಲರು ಜಪಸರಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿ, ಅವುಗಳಿಗೆ ಗುರುವಾರವನ್ನು ಸೂಚಿಸಿದರು. ಅಲ್ಲಿಯವರೆಗೆ ಗುರುವಾರ ಸಂತೋಷದ ರಹಸ್ಯಗಳ ದಿನವಾಗಿತ್ತು. ಎಂಬತ್ತರ ಸನಿಹದಲ್ಲಿದ್ದ ನಮ್ಮ ತಾಯಿಯವರು ಹೊಸ ಕ್ರಮವನ್ನು ಅರಿತರೂ, ಗುರುವಾರ ಬಂದೊಡನೆ ಅಭ್ಯಾಸಬಲದಿಂದ ಸಂತೋಷದ ರಹಸ್ಯಗಳನ್ನೇ ಆರಂಭಿಸುತ್ತಿದ್ದರು. ಎರಡು ವಾರ ಸುಮ್ಮನಿದ್ದೆವು. ಮೂರನೆಯ ಗುರುವಾರ, ನೆಂಟರ ಮುಂದೆ, ನಡುವೆಯೇ ತಡೆದು ತಿದ್ದಿದೆವು. ಧ್ವನಿಯಲ್ಲಿ ತುಸು ಬಿರುಸೂ ಇತ್ತು. ಅವರು ಏನೂ ಹೇಳಲಿಲ್ಲ. ಜಪಸರವನ್ನು ನಮ್ಮ ಕೈಗಿತ್ತರು. ಅಂದಿನಿಂದ ತೀರಿಕೊಳ್ಳುವವರೆಗೂ ಅವರು ಮನೆಯಲ್ಲಿ ಪ್ರಾರ್ಥನೆಗೆ ಉತ್ತರಿಸಿದರೇ ಹೊರತು ಮುಂದಾಳಾಗಿ ಹೇಳಲಿಲ್ಲ. ಸೊಂಟದ ನೋವೋ ಮರೆವೋ ಇರಬೇಕೆಂದು ನಾವು ನಮ್ಮನ್ನೇ ಸಮಾಧಾನಪಡಿಸಿಕೊಂಡೆವು.

ಹಲವು ವರ್ಷಗಳ ನಂತರ ಆ ಪ್ರೇಷಿತ ಪತ್ರವನ್ನು ಪೂರ್ತಿಯಾಗಿ ಓದುವ ಅವಕಾಶ ಒದಗಿತು. ಹೊಸ ರಹಸ್ಯಗಳನ್ನು ವ್ಯಕ್ತಿಗಳ ಮತ್ತು ಸಮುದಾಯಗಳ ಸ್ವಾತಂತ್ರ್ಯಕ್ಕೆ ಬಿಟ್ಟ ಸಲಹೆಯೆಂದೇ ಪೋಪರು ಮುಂದಿಟ್ಟಿದ್ದರು. ಆಜ್ಞೆಯೆಂದಲ್ಲ. ಅಂದರೆ ತಾಯಿಯವರು ತಪ್ಪು ಮಾಡಿರಲೇ ಇಲ್ಲ. ಆದರೆ ಅದನ್ನು ಅವರಿಗೆ ಹೇಳುವ ಕಾಲ ಮಿಂಚಿಹೋಗಿತ್ತು. ಅವರು ತಪ್ಪಿದ್ದರೂ ಕೂಡ, ಐದು ರಹಸ್ಯಗಳ ಸಲುವಾಗಿ ಒಂದು ಹಿರಿಯ ಜೀವದ ಸ್ಥಾನವನ್ನು ಕಸಿದುಕೊಳ್ಳುವ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ.

ತಂದೆ-ತಾಯಿಯರನ್ನು ಕೈಬಿಟ್ಟ ಮಕ್ಕಳಿಂದ ಜೀವನಾಂಶ ಕೊಡಿಸಲು ನಮ್ಮ ದೇಶದಲ್ಲಿ 2007ರ ಕಾಯಿದೆಯೊಂದಿದೆ. ಅಂತಹ ಕಾಯಿದೆ ಬೇಕಾಗಿ ಬಂದುದೇ ಸಮಾಜಕ್ಕೆ ಶೋಭೆಯಲ್ಲ, ಆದರೂ ಅನೇಕರಿಗೆ ಅದು ಆಸರೆ. ನಮ್ಮ ಬಹುತೇಕ ಕುಟುಂಬಗಳಲ್ಲಿ ಅನ್ನಕ್ಕೆ, ಔಷಧಕ್ಕೆ ಕೊರತೆಯಿಲ್ಲ. ದುಬೈನಿಂದಲೋ ಕುವೈತಿನಿಂದಲೋ ಹಣ ತಪ್ಪದೆ ಬರುತ್ತದೆ. ಕೊರತೆಯಿರುವುದು ಬೇರೆಡೆ. ಹಿರಿಯರಿಗೆ ಕುರ್ಚಿಯಿದೆ, ಆದರೆ ಮಾಡಲು ಕೆಲಸವಿಲ್ಲ. ಮಾತಿದೆ, ಆದರೆ ಕೇಳುವ ಕಿವಿಯಿಲ್ಲ. ವಾಕ್ಯ ಮುಗಿಸುವ ಮೊದಲೇ ನಾವು ಅದನ್ನು ಮುಗಿಸುತ್ತೇವೆ. ಯಾವ ಕಾಯಿದೆಯೂ ಇದಕ್ಕೆ ಪರಿಹಾರ ಕೊಡಲಾರದು.

ಈಗ ನಾವೇ ಆ ಕುರ್ಚಿಗೆ ಬಂದಿದ್ದೇವೆ. ಪರದೇಶದಲ್ಲಿರುವ ಮೊಮ್ಮಗಳೊಡನೆ ಶನಿವಾರ ಸಂಜೆ ವಿಡಿಯೋ ಕರೆಯಲ್ಲಿ ಜಪಸರ ಹೇಳುವುದು ನಮ್ಮ ವಾಡಿಕೆ. ಇತ್ತೀಚೆಗೆ ಬೆರಳಿಗೆ ಮಣಿ ಸರಿಯಾಗಿ ಸಿಗದೆ ಎಣಿಕೆ ತಪ್ಪಿತು. "ಅಜ್ಜಾ, ಹನ್ನೊಂದಾಯಿತು" ಎಂದಳು ಆಕೆ. ಹಿಂದೆ ತಾಯಿಯವರಿಗೆ ಏನಾಗಿರಬಹುದೆಂಬುದು ಆ ಕ್ಷಣದಲ್ಲಿ ತಿಳಿಯಿತು. ಮುಂದಿನ ವಾರ ನೀನೇ ಹೇಳು, ನಾವು ಉತ್ತರಿಸುತ್ತೇವೆ ಎಂದೆವು. ಹನ್ನೆರಡರ ಆ ಹುಡುಗಿ ಒಪ್ಪಲಿಲ್ಲ. "ಎಣಿಕೆ ನಾನು ನೋಡಿಕೊಳ್ಳುತ್ತೇನೆ, ಹೇಳುವುದು ನೀವೇ" ಎಂದುಬಿಟ್ಟಳು. ಮಗನಾಗಿ ನಮಗೆ ಹೊಳೆಯದಿದ್ದುದು ಮೊಮ್ಮಗಳಿಗೆ ಸುಲಭವಾಗಿ ಹೊಳೆಯಿತು.

ಸಂತ ಲೂಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಎಳೆಯ ದಂಪತಿಗಳಿಬ್ಬರು ಹಸುಗೂಸನ್ನೆತ್ತಿಕೊಂಡು ದೇವಾಲಯಕ್ಕೆ ಬರುತ್ತಾರೆ. ಮಗುವನ್ನು ಯಾರೆಂದು ಗುರುತಿಸಿದವರು ವೃದ್ಧ ಸಿಮೆಯೋನ ಮತ್ತು ವಯಸ್ಸಾದ ವಿಧವೆ ಅನ್ನಾ. ಸಿಮೆಯೋನ ಮಗುವನ್ನು ತನ್ನ ತೋಳುಗಳಲ್ಲಿ ತೆಗೆದುಕೊಂಡು ಮಾತನಾಡುವಾಗ ಮರಿಯ-ಜೋಸೆಫರು ಅವಸರಪಡಲಿಲ್ಲ. ನಿಂತು ಕೇಳಿದರು, ಕೇಳಿ ಬೆರಗಾದರು. ಸಿಮೆಯೋನನೂ ಮಗುವನ್ನು ತನ್ನ ಬಳಿಯೇ ಉಳಿಸಿಕೊಳ್ಳಲಿಲ್ಲ. ಹರಸಿ, ತಾನು ಶಾಂತಿಯಿಂದ ಹೊರಡಲು ಸಿದ್ಧನೆಂದ. ಅವನ ಆ ಸ್ತೋತ್ರವನ್ನು ಧರ್ಮಸಭೆ ಇಂದಿಗೂ ಪ್ರತಿರಾತ್ರಿಯ ಪ್ರಾರ್ಥನೆಯಲ್ಲಿ ಹೇಳುತ್ತದೆ. ಕಿರಿಯರು ನಿಂತು ಕೇಳುವುದು, ಹಿರಿಯರು ಹರಸಿ ಬಿಟ್ಟುಕೊಡುವುದು: ತಲೆಮಾರುಗಳ ನಡುವಿನ ಬಾಳಿಗೆ ಇದಕ್ಕಿಂತ ಹಿರಿದಾದ ಮಾದರಿ ನಮಗೆ ಕಾಣದು.

ಆದುದರಿಂದ ನಮ್ಮ ವಯಸ್ಸಿನವರಲ್ಲಿ ಒಂದು ಬಿನ್ನಹ. ಕೇಳದ ಬುದ್ಧಿವಾದವನ್ನು ಅರ್ಧಕ್ಕಿಳಿಸೋಣ, ಹರಕೆಯನ್ನು ಇಮ್ಮಡಿಸೋಣ. ನಮ್ಮ ಕಾಲವೇ ಚೆನ್ನಾಗಿತ್ತೆಂಬ ಮಾತನ್ನು ನಮ್ಮ ಅಜ್ಜಿಯರೂ ಆಡಿದ್ದರೆಂಬುದನ್ನು ಮರೆಯದಿರೋಣ. ಕಿರಿಯರಲ್ಲಿ ಇನ್ನೊಂದು ಬಿನ್ನಹ. ಮನೆಯ ಹಿರಿಯರು ತಪ್ಪಿದಾಗ ತಿದ್ದಬೇಡಿರೆಂದು ನಾವು ಹೇಳುವುದಿಲ್ಲ. ತಿದ್ದಿರಿ, ಆದರೆ ಜಪಸರ ಅವರ ಕೈಯಲ್ಲಿಯೇ ಇರಲಿ. ಇಂದು ಸಂಜೆ ಅವರು ಯಾವ ರಹಸ್ಯವನ್ನು ಆರಂಭಿಸಿದರೂ ಅದಕ್ಕೆ ಉತ್ತರ ಕೊಡಿರಿ. ಮುಗಿದ ಮೇಲೆ ಹತ್ತಿರ ಹೋಗಿ ತಲೆಬಾಗಿಸಿರಿ. ಹರಸಲು ಎತ್ತುವ ಆ ಕೈ ಎಷ್ಟು ಕಾಲ ನಮ್ಮೊಡನಿರುವುದೋ ಬಲ್ಲವರಾರು?